ಉಸಿರು ಹಿಡಿದು

ಕೋಡಿಬಾಗದ ಹಿತ್ತಿಲು. ಬಸಳೆ ಚಪ್ಪರದ ಬುಡದಲ್ಲಿ
ಮೊಣಕೈಯೂರಿ ಬೋರಲು ಮಲಗಿದ್ದೆ.
ಹಂಚಿನ ಚೂರಿನ ಮೇಲೆ ಸಿಂಬಳದ ಹುಳ.
ಒಂದು ಒಳ್ಳೆಯ ಹೆಸರನ್ನಾದರೂ ಇಟ್ಟಿಲ್ಲ ಇದಕ್ಕೆ ಯಾರೂ.

ಮೊಬೈಲಿಗೆ ಸಿಕ್ಕಿಸಿದ ಲೆನ್ಸು, ಅಂಗಿಯ ಗುಂಡಿಯಷ್ಟು.
ಒಂದೇ ಇಂಚು ದೂರ. ನಾನು ಉಸಿರಾಡಿದರೆ
ಚಿತ್ರ ಅಲುಗುತ್ತದೆ.

ಮೊದಲು ಬರೀ ಮಂಜು. ಆಮೇಲೆ
ಕೊಂಬಿನ ತುದಿಗೆ ರಾಗಿಕಾಳಿನಂಥ ಕಣ್ಣು,
ಬೆನ್ನ ತುಂಬ, ಕಾಳಿನದಿ ಇಳಿತಕ್ಕೆ ಬಿಟ್ಟುಹೋದ
ಕೆಸರಿನ ಹಾಗೆ ಗೀರು ಗೀರು.
ಬಲಮಗ್ಗುಲಲ್ಲಿ ಸಾಸಿವೆಯಷ್ಟು ತೂತು
ತೆರೆಯಿತು. ಮುಚ್ಚಿತು. ತೆರೆಯಿತು.

ಅಯ್ಯೋ, ಉಸಿರಾಡುತ್ತಿದೆ,
ನಾನಿಲ್ಲಿ ಬಿಗಿಹಿಡಿದಿರುವಾಗ!

ಬೇಲಿಯಾಚೆಯಿಂದ ಕುಮುದಿನಿ ಮಾವಶಿ ಬಂದರು,
ಮುಷ್ಟಿಯಲ್ಲಿ ಸಾಣಿಕಟ್ಟೆಯ ಹರಳುಪ್ಪು.
"ಸರಿ ಆಚೆ. ಒಂದು ಚಿಟಿಕೆ ಸಾಕು, ಕರಗಿಹೋಗ್ತದೆ.
ನನ್ನ ಹರಿವೆ ಪೂರಾ ತಿಂದದ್ದು ಇದೇ."
ಫೋನು ಕೊಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದರು,
ತುಂಬ ಹೊತ್ತು.
"ಇದೆಂತದು, ತಿಮಿಂಗಿಲವಾ?"

ಉಪ್ಪು ಚೆಲ್ಲಲಿಲ್ಲ. ಸೆರಗಿಗೆ ಕಟ್ಟಲೂ ಇಲ್ಲ.
ಬೆವರಿದ ಅಂಗೈಯಲ್ಲಿ ಅದು
ಮೆಲ್ಲಗೆ ನೀರೊಡೆಯುತ್ತಿತ್ತು.

ಹುಳ ಅಷ್ಟರಲ್ಲಿ
ಹರಿವೆಯ ಕಡೆ ಹೊರಟಿತ್ತು.