ಕೆಳಗಿನ ಹೋಸ್ ಪೈಪು

ಹುಲಿಕಲ್ ಘಾಟಿಯ ಮೂರನೇ ತಿರುವಿಗೆ
ಮುಳ್ಳು ಕೆಂಪಿಗೆ ಬರುತ್ತದೆ.
ಎರಡನೆಯದಕ್ಕಲ್ಲ, ನಾಲ್ಕನೆಯದಕ್ಕಲ್ಲ,
ಹರಕೆ ಹೊತ್ತವರ ಹಾಗೆ ಮೂರನೆಯದಕ್ಕೇ.

ಎಂಬತ್ತೆಂಟರ ಪದ್ಮಿನಿ.
ಗೇರು ಸ್ಟಿಯರಿಂಗಿನ ಕುತ್ತಿಗೆಗೆ.
ಡಿಕ್ಕಿಯಲ್ಲಿ ಲಸಿಕೆಯ ಐಸ್ ಡಬ್ಬಿ, ಸಿರಿಂಜು, ಒಂದು ಮೂಗುದಾರ,
ಪಕ್ಕದಲ್ಲಿ ಐದೈದು ಲೀಟರಿನ ಎರಡು ಕ್ಯಾನು ನೀರು.
ಅದು ದನಕ್ಕಲ್ಲ, ಇವಳಿಗೆ.

ಬಾನೆಟ್ ಎತ್ತಿ ಮೈಲಿಗಲ್ಲಿನ ಮೇಲೆ ಕೂರುತ್ತೇನೆ.
ಬಿಸಿಯಲ್ಲಿ ಮುಚ್ಚಳ ಮುಟ್ಟಬಾರದು;
ಒಮ್ಮೆ ಮುಟ್ಟಿದ್ದೆ, ಮೊಣಕೈವರೆಗೆ ಗುರುತಿದೆ.
ದಾಟಿಹೋಗುವ ಲಾರಿಯವರು ಕೇಳುತ್ತಾರೆ:
"ಏನ್ ಕಾಂಪೌಂಡ್ರೇ, ಜ್ವರವಾ?"

ರಿಪ್ಪನ್‌ಪೇಟೆಯ ಇಸ್ಮಾಯಿಲ್ ಥರ್ಮೋಸ್ಟ್ಯಾಟ್ ಕಿತ್ತು
ಟೀ ಪಾತ್ರೆಯಲ್ಲಿ ಕುದಿಸಿ ತೋರಿಸಿದ.
"ನೋಡಿ, ಬಾಯಿ ಬಿಡ್ತಿದೆ. ಇದರ ತಪ್ಪಿಲ್ಲ."
ಆಮೇಲೆ ಅದೇ ಪಾತ್ರೆಯಲ್ಲಿ ಟೀ ಬಂತು. ಕುಡಿದೆ.
ಸಾಗರದಲ್ಲಿ ರೇಡಿಯೇಟರ್ ಬಿಚ್ಚಿ ಕಡ್ಡಿ ಹಾಯಿಸಿದರು,
ಒಂದು ಬೋಗುಣಿ ಕೆಮ್ಮಣ್ಣು ಬಿತ್ತು.
ಶಿವಮೊಗ್ಗದವನು ಮಾತ್ರ
ಗಾಡಿ ಮುಟ್ಟದೆಯೇ ಹೇಳಿದ: ಹೆಡ್ ಗ್ಯಾಸ್ಕೆಟ್.
ಹದಿನೆಂಟು ಸಾವಿರ.

ಇಪ್ಪತ್ತಾರು ವರ್ಷ ಬಾಯಿಲ್ಲದವುಗಳ ನಡುವೆ ಇದ್ದವನು ನಾನು.
ಏನಾಗಿದೆ ಎಂದು ಯಾರನ್ನೂ ಕೇಳುವುದಿಲ್ಲ,
ಯಾವಾಗ ಆಗುತ್ತೆ ಎಂದು ಕೇಳುತ್ತೇನೆ.
ಮೇವು ಬಿಟ್ಟಿದ್ದು ಯಾವಾಗ?
ಮೆಲುಕು ನಿಂತದ್ದು, ನೀರು ಕುಡಿದ ಮೇಲಾ, ಮುಂಚೆಯಾ?

ಆಯಿಲ್ ಕಡ್ಡಿ ಎಳೆದು ನೋಡಿದೆ: ಮಜ್ಜಿಗೆಯಾಗಿಲ್ಲ.
ಹೊಗೆ ಬೆಳ್ಳಗಿಲ್ಲ. ನೀರಲ್ಲಿ ಗುಳ್ಳೆಯಿಲ್ಲ.
ಅಂಗಳದಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಚಾಲೂ ಇಟ್ಟೆ.
ಮುಳ್ಳು ಅರ್ಧಕ್ಕೆ ನಿಂತು ಅಲ್ಲಾಡಲಿಲ್ಲ,
ಕೆರೆಯಲ್ಲಿ ಮಲಗಿದ ಎಮ್ಮೆ.

ಹಾಗಾದರೆ ನಿಂತಾಗ ಅಲ್ಲ. ಎಳೆಯುವಾಗ.
ಎಳೆಯುವಾಗ ನಾನು ಒಳಗಿರುತ್ತೇನೆ,
ಹೊರಗಿಂದ ನೋಡುವವರು ಯಾರು?

ಭಾನುವಾರ ಜಲಜಾಕ್ಷಿಯನ್ನು ಕರೆದೆ.
ಮಿಷನ್ನಿನಿಂದ ಎದ್ದು ಬಂದಳು, ಸೆರಗಿಗೆ ಸೂಜಿ ಚುಚ್ಚಿಕೊಂಡೇ.
ಗಾಡಿ ಬಂದು ಹನ್ನೊಂದು ವರ್ಷ,
ಆ ಸೀಟಿನಲ್ಲಿ ಅವಳು ಕೂತದ್ದು ಅಂದೇ.
ನಾನು ಟಾರ್ಚು ಹಿಡಿದು ಚಕ್ರದ ಪಕ್ಕ ಮಲಗಿದೆ.

"ಒತ್ತು" ಅಂದೆ.
ಬ್ಲೌಸಿನ ತೋಳಿಗೆ ಹೊಲಿಗೆ ಹಾಕುವಷ್ಟು ಒತ್ತಿದಳು.
"ಇನ್ನೂ."
ಲಂಗದ ಅಂಚಿನಷ್ಟು.
"ಕೌದಿ ಹೊಲಿತೀಯಲ್ಲ, ಹಾಗೆ ಒತ್ತೇ!"

ಅಬ್ಬರಕ್ಕೆ ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿದವು.
ಆಗ ಕಂಡಿತು.
ಇಷ್ಟು ದಿನ ದುಂಡಗೆ, ಕಪ್ಪಗೆ, ಪಾಪದ ಹಾಗಿದ್ದ
ಕೆಳಗಿನ ಹೋಸ್ ಪೈಪು
ಬೀಡಿ ಎಳೆಯುವವನ ಕೆನ್ನೆಯಂತೆ ಒಳಗೆ ಹೋಯಿತು,
ಪೂರ್ತಿ ಅಂಟಿಕೊಂಡಿತು,
ನೀರಿಗೆ ದಾರಿಯಿಲ್ಲ.

"ಬಿಡು."
ಮತ್ತೆ ದುಂಡಗೆ.
ಏನೂ ನಡೆದೇ ಇಲ್ಲವೆನ್ನುವ ಹಾಗೆ.

ಒಳಗೊಂದು ಸ್ಪ್ರಿಂಗು ಇರಬೇಕಿತ್ತು.
ಬಿಚ್ಚಿ ಕೊಡವಿದರೆ
ತುಕ್ಕಿನ ಪುಡಿ, ಎರಡು ಬೆರಳಗಲದ ತುಂಡು.
ಹೊಸ ಪೈಪು ಇನ್ನೂರ ಹತ್ತು.
ಸ್ಪ್ರಿಂಗು ಎಲ್ಲೂ ಸಿಗದೆ
ಸೈಕಲ್ ಶಾಪಿನ ಬೊನಿಫಾಸ್ ಸ್ಟೀಲ್ ತಂತಿ ಸುತ್ತಿಕೊಟ್ಟ,
ಒಂದು ಕೋಳಿಮೊಟ್ಟೆ ಟ್ರೇ ತಗೊಂಡ.

ಸಂಜೆ ಮತ್ತೆ ಅವಳು ಒಳಗೆ, ನಾನು ಕೆಳಗೆ.
ಒತ್ತಿದಳು. ಪೈಪು ಜಗ್ಗಲಿಲ್ಲ.
"ಸಾಕು, ಬಿಡು" ಅಂದೆ.
ಬಿಡಲಿಲ್ಲ.
"ಸಾಕು ಬಿಡೇ, ಪೆಟ್ರೋಲು!"
"ಇರಿ, ಒಂದ್ನಿಮಿಷ" ಅಂದಳು.
ಕೌದಿ ಹೊಲಿಯುವ ಸದ್ದು ಹಾಗೇ ನಡೆದಿತ್ತು.

ಸೋಮವಾರ ಮಾಸ್ತಿಕಟ್ಟೆ ಕಡೆಗೆ ಹತ್ತುತ್ತಿದ್ದೆ.
ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಇರಲಿಲ್ಲ;
ಅವಳ ಎತ್ತರಕ್ಕೆ ತಿರುಗಿಸಿಟ್ಟಿದ್ದಾಳೆ.
ಸರಿ ಮಾಡಲು ಕೈ ಎತ್ತಿದೆ,
ಇರಲಿ ಎಂದು ಇಳಿಸಿದೆ.
ಅಷ್ಟರಲ್ಲಿ ಮೂರನೇ ತಿರುವು
ಯಾವಾಗಲೋ ದಾಟಿಹೋಗಿತ್ತು.