ಹದಿನಾಲ್ಕನೇ ಪೆಟ್ಟಿಗೆ

ಪೀಣ್ಯ ಎರಡನೇ ಹಂತ, ಶೀಟಿನ ಸೂರಿನ ಕೆಳಗೆ
ನಮ್ಮ ಕಲ್ಲು ಅರೆಯುವ ಕೋಣೆ.
ಪಕ್ಕದಲ್ಲಿ ಲೇತ್ ಮಷೀನು, ಎದುರಿಗೆ ಅಗರಬತ್ತಿ;
ಕಲ್ಲಿನ ಹುಡಿಗೂ ಇಲ್ಲಿ ಮಲ್ಲಿಗೆಯ ವಾಸನೆ.

ಗಣಿಯಿಂದ ಬರುತ್ತವೆ ತಗಡಿನ ಪೆಟ್ಟಿಗೆ.
ಒಳಗೆ ಸಾಲಾಗಿ ಮಲಗಿದ ಕಲ್ಲಿನ ಕೋಲುಗಳು,
ನಾನೂರು ಅಡಿಯ ಕತ್ತಲನ್ನು
ಗೇಣುಗೇಣಾಗಿ ತುಂಡರಿಸಿಟ್ಟಂತೆ.

ವರದಿಯಲ್ಲಿ ಎಲ್ಲವೂ ಸಮ.
ಟನ್ನಿಗೆ ನಾಲ್ಕು ಗ್ರಾಂ ಚಿನ್ನ,
ಒಂಬತ್ತನೆಯದರಲ್ಲೂ ನಾಲ್ಕು, ಹದಿನಾಲ್ಕನೆಯದರಲ್ಲೂ ನಾಲ್ಕು.

ಮೊದಲು ಕಂಡುಹಿಡಿದದ್ದು ನಾನಲ್ಲ, ಮುನಿವೆಂಕಟಮ್ಮ.
ಉರುಳುವ ಡ್ರಮ್ಮಿಗೆ ಕಿವಿಗೊಟ್ಟು ಅಂದಳು:
"ಇದು ನಿನ್ನೆ ಕಲ್ಲಲ್ಲ ಸಾರ್.
ನಿನ್ನೇದು ತಾನು ನುರೀತಾ ಇತ್ತು,
ಇದು ನಮ್ಮ ಗುಂಡನ್ನೇ ನುರೀತದೆ."

ಗಡಿಯಾರ ನೋಡಿದೆ. ಎರಡು ತಾಸು ಹೆಚ್ಚು.
ಕೈಗೆ ಬಂದ ಚಿನ್ನ ಅರ್ಧಕ್ಕರ್ಧ.

ಹನ್ನೊಂದು ವರ್ಷ ನಾವು ಕಾಗದದಲ್ಲೇ ಜಗಳವಾಡಿದವರು:
ನಫೀಸಾಳ ನಕಾಶೆ ಸುಳ್ಳೆಂದು ಇಗ್ನೇಷಿಯಸ್,
ಇಗ್ನೇಷಿಯಸ್ ಕಳಿಸಿದ್ದು ಬರೀ ಬಂಡೆಯೆಂದು ನಾನು,
ನನ್ನ ಗಿರಣಿಗೆ ವಯಸ್ಸಾಯಿತೆಂದು ಅವರಿಬ್ಬರೂ.
ತಿಂಗಳ ಕೊನೆಗೆ ತಪ್ಪು
ಯಾರ ತಟ್ಟೆಯಲ್ಲೂ ನಿಲ್ಲದ ಪಾದರಸ.

ಆ ಬುಧವಾರ ಇಬ್ಬರನ್ನೂ ಕರೆದೆ.
ಮೇಜು ಸಾಲದೆ, ಕಿಟಕಿಯ ಗಾಜಿಗೆ
ಒಂದರ ಮೇಲೊಂದು ಹಾಳೆ ಹಿಡಿದೆವು.
ಅಡಿಯಲ್ಲಿ ಅವಳ ಶಿಲೆಯ ಗೆರೆ,
ಅದರ ಮೇಲೆ ಅವನು ಸಿಡಿಸಿದ ಚುಕ್ಕಿಗಳು,
ಎಲ್ಲಕ್ಕೂ ಮೇಲೆ ಕೆಂಪು ಶಾಯಿಯಲ್ಲಿ
ನಾನು ಅರೆದ ಗಂಟೆಗಳು.
ಹಿಂದಿನಿಂದ ಹೊಗೆ ಬೆರೆತ ಬಿಸಿಲು.
ಮೆಟ್ರೋ ಹಾದುಹೋಯಿತು. ಗಾಜು ನಡುಗಿತು.
ಮೂರು ಹಾಳೆಯೂ ಒಂದಾಗಿ ನಡುಗಿದವು.

"ಇಲ್ಲೇ" ಅಂದಳು ನಫೀಸಾ, ಉಗುರು ಊರಿ.
"ಪದರ ಇಲ್ಲಿ ಮಡಿಸಿಕೊಂಡಿದೆ.
ಚಿನ್ನ ಬೆಣಚಿನಲ್ಲಿ ಬಿಡಿಯಾಗಿಲ್ಲ,
ಗಂಧಕದ ಅದಿರೊಳಗೆ ಅವಿತಿದೆ.
ಬರೆದಿದ್ದೆನಲ್ಲ, ಅಡಿಟಿಪ್ಪಣಿಯಲ್ಲಿ."

ಅಡಿಟಿಪ್ಪಣಿ ಯಾರು ಓದುತ್ತಾರೆ?

ಇಗ್ನೇಷಿಯಸ್ ತುಂಬ ಹೊತ್ತು ಸುಮ್ಮನಿದ್ದ.
ಕೋಲಾರದಲ್ಲಿ ಅವನಪ್ಪ ಸಲಾಕೆಯಿಂದ ಬಂಡೆ ತಟ್ಟಿ,
ಅದರ ದನಿ ಕೇಳಿಯೇ ಮುಂದಿನ ಹೆಜ್ಜೆ ಇಡುತ್ತಿದ್ದನಂತೆ.
"ಎರಡನ್ನೂ ಒಂದೇ ಲಾರಿಗೆ ತುಂಬಿಸಿದೆ" ಅಂದ ಕೊನೆಗೆ,
"ಟನ್ನಿನ ಲೆಕ್ಕಕ್ಕೆ."

ಸಂಜೆಯವರೆಗೆ ಕೂತು ಗೊತ್ತುಮಾಡಿದೆವು:
ಇನ್ನು ಮೇಲೆ ಬೇರೆ ರಾಶಿ, ಬೇರೆ ಹೊತ್ತು, ಬೇರೆ ಹದ.
ಉಕ್ಕಿನ ಗುಂಡು ಒರೆಸುತ್ತಿದ್ದ ಮುನಿವೆಂಕಟಮ್ಮ
ತಲೆ ಎತ್ತದೆ ಕೇಳಿದಳು:
"ಇಡ್ಲಿಗೆ ಅಕ್ಕಿ ಬ್ಯಾರೆ, ಉದ್ದು ಬ್ಯಾರೆ ರುಬ್ಬೋದು ಸಾರ್.
ಅದಕ್ಕೂ ಮೂರು ಜನ ಬೇಕಾ?"

ನಾವು ನಕ್ಕೆವು.
ಅವಳು ನಗಲಿಲ್ಲ.
ಹದಿನೈದನೆಯದರ ಮುಚ್ಚಳ ತೆಗೆಯುತ್ತಿದ್ದಳು.