ಆಡುವ ಹಾಗಿಲ್ಲದ ಶಬ್ದ

ಈ ಮನೆಯಲ್ಲಿ ಒಂದು ಶಬ್ದ ಆಡುವ ಹಾಗಿಲ್ಲ.
ನನಗೆ ಗೊತ್ತಿರಲಿಲ್ಲ. ಅಪ್ಪನದು ಯಲ್ಲಾಪುರದಲ್ಲಿ ಹೋಟೆಲು,
ನಮ್ಮಲ್ಲಿ ಮಗುಚುವುದು ದೋಸೆ ಮಾತ್ರ.
ಐದು ತಿಂಗಳು ತುಂಬಿದ ಮಾರನೇ ಸಂಜೆ
ಕೂಗಿಬಿಟ್ಟೆ: "ಅತ್ತೆ, ಬನ್ನಿ, ಕೂಸು ಮಗುಚಿತು!"

ಮಂಕಾಳತ್ತೆ ಮೆಟ್ಟುಗತ್ತಿ ಬಿಟ್ಟು ಎದ್ದೇ ಬಂದರು,
ಬೆರಳಿಗೆಲ್ಲ ಬಂಗಡೆಯ ರಕ್ತ.
"ದೋಣಿಯವರ ಮನೆ ಇದು ಮಾರಾಯ್ತಿ.
ಬೋರಲಾಯ್ತು ಅನ್ನು, ಕವುಚಿತು ಅನ್ನು.
ಆ ಮಾತೊಂದು ಬೇಡ."
ಆಮೇಲೆ ನೆಲಕ್ಕೆ ಕೂತು
ರಕ್ತ ತಾಗದ ಹಾಗೆ, ಮೊಣಕೈಯಿಂದ
ಮೊಮ್ಮಗಳ ಬೆನ್ನು ಮುಟ್ಟಿ ನಕ್ಕರು.

ಹಗಲು ಅದು ಆಟ.
ಚಾಪೆಯ ಮೇಲೆ ಇಂಚರ ಬಲಗಾಲು ಎತ್ತಿ, ಎತ್ತಿ,
ವಾಲಿ, ತಲೆಯ ಭಾರಕ್ಕೆ ಥಟ್ಟನೆ ಉರುಳಿ
ಬೆರಗಾಗಿ ನೋಡುತ್ತಾಳೆ,
ನೆಲ ಇಷ್ಟು ಹತ್ತಿರ ಇತ್ತೇ ಎಂದು.

ರಾತ್ರಿ ಬೇರೆ.
ಹಾಲು ಕುಡಿದು ರೆಪ್ಪೆ ಕೂಡುವ ಹೊತ್ತಿಗೆ ಸರಿಯಾಗಿ
ಯಾರೋ ಒಳಗಿಂದ ತಳ್ಳಿದ ಹಾಗೆ ಹೊರಳುತ್ತಾಳೆ.
ಒಂದು ಕೈ ಎದೆಯಡಿ ಸಿಕ್ಕಿ,
ಮುಂದೆ ಹೋಗಲಾರದೆ ಹಿಂದೆ ಬರಲಾರದೆ
ಅಳು.
ಎದ್ದು ಅಂಗಾತ ಮಾಡುತ್ತೇನೆ.
ರೆಪ್ಪೆ ಮುಚ್ಚುತ್ತದೆ. ಕಾಲು ಏಳುತ್ತದೆ.
ಹನ್ನೊಂದರೊಳಗೆ ನಾಲ್ಕು ಸಲ. ಒಂದೂವರೆಗೆ
ಎಣಿಸುವುದನ್ನು ಬಿಟ್ಟೆ.

ಅತ್ತೆ ಎರಡೂ ಪಕ್ಕ ಸಾಸಿವೆ ದಿಂಬು ಕೊಟ್ಟರು,
ಧಕ್ಕೆಗೆ ಕಟ್ಟಿದ ಬೋಟಿಗೆ ಟೈರು ಕೊಟ್ಟ ಹಾಗೆ.
ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿದರು.
ಗುರುವಾರ ತೂಕ ನೋಡಲು ಬಂದ ಒಲಿಂಡಾ ಸಿಸ್ಟರು
ದಿಂಬು ಎತ್ತಿ ಕಪಾಟಿನ ಮೇಲೆ ಹಾಕಿದರು,
ಪಂಚೆ ಬಿಚ್ಚಿ ನನ್ನ ಹೆಗಲಿಗೆ.
"ಉರುಳುವ ಕೂಸಿನ ಕೈ ಕಟ್ಟುತ್ತಾರೇನಮ್ಮ?
ಗಟ್ಟಿ ಹಾಸಿಗೆ, ಸುತ್ತ ಏನೂ ಬೇಡ. ಅಂಗಾತ ಮಲಗಿಸು.
ಹಗಲೆಲ್ಲ ನೆಲಕ್ಕೆ ಬಿಡು, ಕಣ್ಣೆದುರಿಗೆ.
ಹೋದ ದಾರಿಯಲ್ಲಿ ಬರುವುದನ್ನೂ ಕಲಿಯಲಿ."
ಅವರು ಗೇಟು ದಾಟಿದ ಮೇಲೆ ಅತ್ತೆ ಅಂದರು:
"ನಾಲ್ಕು ಹೆತ್ತವಳು ನಾನು."
ಮೂವರನ್ನು ಕಂಡಿದ್ದೇನೆ.
ನಾಲ್ಕನೆಯವನ ಬಗ್ಗೆ
ಆ ಶಬ್ದವೊಂದೇ ಗೊತ್ತು.

ಉದಯನ ಫೋನು ಕೂರ್ಮಗಡದ ಆಚೆಯಿಂದ,
ಎಂಜಿನ್ನು ಹೆಚ್ಚು, ಅವನು ಕಡಿಮೆ.
"ನಿದ್ದೆ ಇಲ್ಲ. ಹೊರಳಿ ಕೈ ಸಿಕ್ಕಿಸಿಕೊಳ್ಳುತ್ತಾಳೆ," ಅಂದೆ.
ಸ್ವಲ್ಪ ಹೊತ್ತು ಬರೀ ಎಂಜಿನ್ನು.
"ಬಲೆಗೆ ಸಿಕ್ಕರೆ ನಮಗೂ ಅಷ್ಟೇ. ಮೈ ಎಳೀಬಾರದು.
ಮೊದಲು ಕೈ ಬಿಡಿಸಬೇಕು.
ಉಳಿದದ್ದು ತಾನೇ ಹಿಂದೆ ಬರ್ತದೆ."
ಯಾವಾಗ ಕಲಿತನೋ, ಯಾವ ನೀರಿನಲ್ಲೋ,
ನಾನು ಕೇಳಲಿಲ್ಲ.

ಮರುದಿನದಿಂದ ಚಾಪೆಯ ಮೇಲೆ ಪಾಠ.
ಅತ್ತೆ ಎದುರಿಗೆ ಕೂತು ಗರಟೆ ಕುಟ್ಟಿ ಕರೆಯುತ್ತಾರೆ.
ನಾನು ಸಿಕ್ಕಿಕೊಂಡ ಪುಟ್ಟ ಮೊಣಕೈಯನ್ನು
ಒಂದು ಬೆರಳಿನಿಂದ ತುಸು ಹೊರಗೆ ಸರಿಸುತ್ತೇನೆ.
ನನ್ನ ಕೆಲಸ ಅಲ್ಲಿಗೆ ಮುಗಿಯಬೇಕು.
ಮುಗಿಸುವುದೇ ಕಷ್ಟ.
ಎತ್ತಿಕೊಳ್ಳಲು ತಾನಾಗಿ ಚಾಚುವ ತೋಳನ್ನು
ಮಡಿಲಲ್ಲಿ ಹಿಡಿದಿಟ್ಟು ಕೂತಿರಬೇಕು,
ಬೇರೆ ಯಾರದೋ ಕೂಸಿನ ಹಾಗೆ.

ನಿನ್ನೆ ರಾತ್ರಿ ಮೂರಕ್ಕೆ,
ಬೈತಖೋಲದಿಂದ ಬೋಟುಗಳು ಒಂದೊಂದೇ ಹೊರಡುವಾಗ
ಕಾಲು ಎದ್ದದ್ದು ಕಂಡಿತು.
ಹೋದಳು.
ಎದ್ದು ಕೂತೆ. ಮುಟ್ಟಲಿಲ್ಲ.
ಕೋಣೆಯ ಆ ಮೂಲೆಯಲ್ಲಿ ಅತ್ತೆಯೂ ಎದ್ದು ಕೂತಿದ್ದರು.
ಒಂದು ಗೊಣಗು. ಹಾಸಿಗೆ ಪರಚುವ ಸದ್ದು.
ತಲೆ ಎತ್ತಿ, ಇಳಿಸಿ, ಮತ್ತೆ ಎತ್ತಿ,
ಕೆನ್ನೆಯನ್ನು ನನ್ನ ಕಡೆಗೆ ತಿರುಗಿಸಿದಳು.
ಬೆರಳ ಸಂದಿನಿಂದ ಮೀನು ನುಣುಚಿದ ಹಾಗೆ
ಆ ಕೈ ಹೊರಗೆ ಬಂತು,
ಮುಷ್ಟಿ ಬಿಚ್ಚಿ ಸುಮ್ಮನಾಯಿತು.
ಈಗ ಅಳುತ್ತಾಳೆ ಎಂದು ಇಬ್ಬರೂ ಕಾದೆವು.
ಉಸಿರು, ಮತ್ತೆ ಉಸಿರು.

"ಮಗು..." ಅಂದರು ಅತ್ತೆ ಕತ್ತಲಲ್ಲಿ.
ಅಷ್ಟೇ ಅಂದರೋ,
ಉಳಿದರ್ಧ ನುಂಗಿದರೋ ತಿಳಿಯಲಿಲ್ಲ.
ಎದ್ದು ಹೋಗಿ, ದೀಪ ಹಾಕದೆ,
ಮೀನಿನ ಬುಟ್ಟಿ ಹುಡುಕತೊಡಗಿದರು.
ನಾಲ್ಕೂವರೆಗೆ ಧಕ್ಕೆಯಲ್ಲಿರಬೇಕು.